ಗೂಟನ ಬಲಗೈ

ತಮ್ಮ ಹೋದ ಸುದ್ದಿ ಅಕ್ಕನಿಗೆ ತಲುಪಿದ್ದು ಬೆಳಗಿನ ಹೊತ್ತು, ಇಸ್ತ್ರಿ ಪೆಟ್ಟಿಗೆ ಇನ್ನೂ ಸರಿಯಾಗಿ ಕಾಯುವ ಮೊದಲು. ಆಕೆ ಎಂದಿನಂತೆ ಅಂಗಡಿಯ ಬಾಗಿಲು ತೆಗೆದು, ಕಣ್ಣು ಮುಚ್ಚಿ ನಿಂತು ಪ್ರಾರ್ಥನೆ ಮುಗಿಸಿ, ನೀರು ಚಿಮುಕಿಸಿ ಸುತ್ತಿಟ್ಟಿದ್ದ ಅಂಗಿಗಳನ್ನು ಮೇಜಿನ ಮೇಲೆ ಬಿಡಿಸುತ್ತಿದ್ದಳು. ಆಗ ಡಬ್ಬ ಬಂದು ಹೊಸ್ತಿಲಲ್ಲಿ ನಿಂತ.

ಡಬ್ಬ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ತಮ್ಮನ ತಂಡದಲ್ಲಿ ಡ್ರಮ್ಸ್ ಬಾರಿಸುವವನು ಅವನು. ಚಿಕ್ಕಂದಿನಲ್ಲಿ ಖಾಲಿ ಎಣ್ಣೆ ಡಬ್ಬಗಳ ಮೇಲೆ ಬಡಿದು ಕಲಿತದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ತಲೆ ಪೂರ್ತಿ ನೆರೆತರೂ ಬಿಟ್ಟಿರಲಿಲ್ಲ. ಎಲ್ಲಿಗೆ ಹೋದರೂ ಬಾಗಿಲ ಚೌಕಟ್ಟನ್ನು ಬೆರಳಿನಿಂದ ಟಕಟಕ ಬಡಿದೇ ಒಳಗೆ ಬರುವ ಮನುಷ್ಯ ಅಂದು ಕೈ ಕಟ್ಟಿಕೊಂಡು ನಿಂತಿದ್ದ. ಅದನ್ನು ಕಂಡೇ ಅಕ್ಕ ಕೈಗೆತ್ತಿಕೊಂಡಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಹಾಗೇ ಹಿಡಿದು ನಿಂತಳು.

"ಯಾಕೋ, ಇಷ್ಟು ಬೆಳಗ್ಗೇನೇ?"

"ಅಕ್ಕ, ಮೊದಲು ಆ ಪೆಟ್ಟಿಗೆ ಕೆಳಗಿಡಿ."

"ಇಟ್ಟೆ. ಹೇಳು."

"ಗೂಟ ಹೋಗ್ಬಿಟ್ಟ ಅಕ್ಕ. ನಿದ್ದೇಲೇ. ಬಾಗಿಲು ಬಡಿದೆ, ಏಳಲಿಲ್ಲ."

ಗೂಟ ಎಂದರೆ ಅವಳ ತಮ್ಮ. ವೇದಿಕೆಯ ಮೇಲೆ ಹಾಡುವವನು ಹಾರಿ ಕುಣಿಯಲಿ, ದೀಪಗಳು ಗಿರಗಿರ ತಿರುಗಲಿ, ಎದುರಿಗೆ ಸಾವಿರಾರು ಜನ ಹುಚ್ಚೆದ್ದು ಕೂಗಲಿ, ಅವನು ಮಾತ್ರ ಡ್ರಮ್ಸಿನ ಎಡಗಡೆ ಗಿಟಾರ್ ಹಿಡಿದು, ತಲೆ ತಗ್ಗಿಸಿ, ನೆಲಕ್ಕೆ ಹೊಡೆದ ಗೂಟದಂತೆ ನಿಂತಿರುತ್ತಿದ್ದ. ತಾಯಿ ಬೇಗ ತೀರಿಕೊಂಡಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವನ ಮೊದಲ ಗಿಟಾರಿಗೆ ದುಡ್ಡು ಹೊಂದಿಸಿದವಳೂ ಅವಳೇ. ಮೊನ್ನೆಯ ಕಾರ್ಯಕ್ರಮದವರೆಗೂ ಅವನು ತೊಟ್ಟ ಒಂದೊಂದು ಅಂಗಿಯೂ ಅವಳ ಮೇಜಿನ ಮೇಲೆ ಹಾದೇ ಹೋಗಿತ್ತು.

ಅಕ್ಕ ಪೆಟ್ಟಿಗೆಯ ಪ್ಲಗ್ ಕಿತ್ತಳು. ಬಿಡಿಸಿದ್ದ ಅಂಗಿಯನ್ನು ಮತ್ತೆ ಸುತ್ತಿಟ್ಟಳು. ಆಮೇಲೆ ಬಟ್ಟೆಯ ಗಂಟಿನ ಮೇಲೆಯೇ ಕುಸಿದು ಕುಳಿತು "ದೇವರೇ, ದೇವರೇ" ಎಂದಳು.

ಮಧ್ಯಾಹ್ನದ ಹೊತ್ತಿಗೆ ರೇಡಿಯೋದವರೂ ಹೇಳಿದರು. "ಹಾರ್ಡ್ ರಾಕ್ ಸಂಗೀತದಲ್ಲಿ ರಿದಂ ಗಿಟಾರ್ ನುಡಿಸುವುದು ಹೇಗೆ ಎಂದು ಒಂದು ತಲೆಮಾರಿಗೇ ಕಲಿಸಿಕೊಟ್ಟ ಬಲಗೈ ಇಂದು ನಿಶ್ಚಲವಾಗಿದೆ" ಎಂದು ಒಬ್ಬಳು ಗದ್ಗದ ದನಿಯಲ್ಲಿ ಓದಿದಳು. ರಿದಂ ಎಂಬುದು ಗಿಟಾರು ತಯಾರಿಸುವ ಯಾವುದೋ ಕಂಪನಿ ಎಂದೇ ಅಕ್ಕ ತಿಳಿದಿದ್ದಳು. ತಮ್ಮ ಒಳ್ಳೆಯ ಕಂಪನಿಯ ವಾದ್ಯವನ್ನೇ ಇಟ್ಟುಕೊಂಡಿದ್ದನಲ್ಲ ಎಂದು ಆ ದುಃಖದಲ್ಲೂ ಒಂದಿಷ್ಟು ಸಮಾಧಾನವಾಯಿತು. ಸುದ್ದಿಯ ಬೆನ್ನಿಗೇ ತಮ್ಮನ ತಂಡದ ಅತ್ಯಂತ ಹೆಸರಾದ ಹಾಡನ್ನು ಹಾಕಿದರು. ಹಾಡುವವನು ಕೂಗಿ ಸುಮ್ಮನಾದ ಮೇಲೆ, ನಡುವೆ ಒಂದು ಗಿಟಾರು ಮೇಲಕ್ಕೆದ್ದು ಮರಿ ಕಳೆದುಕೊಂಡ ಹಕ್ಕಿಯಂತೆ ಒಂದೇ ಸಮನೆ ಕೂಗುವ ಜಾಗವೊಂದಿದೆ. ಅಲ್ಲಿಗೆ ಬರುವವರೆಗೂ ತಡೆದುಕೊಂಡಿದ್ದ ಅಳು ಅಲ್ಲಿ ಕಟ್ಟೆಯೊಡೆಯಿತು.

ಆ ಜಾಗವೆಂದರೆ ಅವಳಿಗೆ ಪ್ರಾಣ. ಬಂದ ಗಿರಾಕಿಗಳಿಗೆಲ್ಲ "ಇರಿ, ಈಗ ಬರುತ್ತೆ, ಕೇಳಿ, ಇದು ನನ್ನ ತಮ್ಮ" ಎಂದು ಕೈ ಎತ್ತಿ ನಿಲ್ಲಿಸುತ್ತಿದ್ದಳು. ಹಾಗೆ ಮೈಮರೆತು ಒಮ್ಮೆ ಒಬ್ಬ ವಕೀಲರ ಅಂಗಿಯ ಬೆನ್ನಿನ ಮೇಲೆ ಪೆಟ್ಟಿಗೆಯ ಆಕಾರವನ್ನೇ ಅಚ್ಚೊತ್ತಿದ್ದೂ ಉಂಟು.

ಮರುದಿನ ಅಂತ್ಯಕ್ರಿಯೆ ಮುಗಿಯಿತು. ಅದಕ್ಕೆ ಬಂದ ಜನವನ್ನು ನೋಡಿ ಬೀದಿ ಬೆರಗಾಯಿತು. ದೂರದೂರದಿಂದ ಬಸ್ಸು ಹತ್ತಿ ಬಂದವರು, ಭುಜದವರೆಗೆ ಕೂದಲು ಬಿಟ್ಟವರು, ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡವರು ಅಂಗಡಿಯ ಮುಂದೆ ಸಾಲಾಗಿ ಬಂದು ಅಕ್ಕನ ಮುಂದೆ ತಲೆ ಬಾಗಿಸಿ ಹೋದರು. ಎದುರಿನ ಕಟಿಂಗ್ ಶಾಪಿನವನು ಬಾಗಿಲಲ್ಲೇ ನಿಂತು ನೋಡುತ್ತಿದ್ದು, ಸಂಜೆ ಬಂದು, "ಅಕ್ಕ, ಇಷ್ಟೊಂದು ಕೂದಲು ನನ್ನಂಗಡಿ ಮುಂದೆ ಹಾದುಹೋಯ್ತು, ಒಂದು ತಲೇನೂ ಒಳಗೆ ಬರಲಿಲ್ಲ ನೋಡಿ" ಎಂದ. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ನಗಿಸಲೆಂದೇ ಅವನು ಬಂದಿದ್ದ.

ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ತಮ್ಮನಿಗಾಗಿ ವಿಶೇಷ ಪ್ರಾರ್ಥನೆ ಇಡುವುದೆಂದಾಯಿತು. ಅಲ್ಲಿಯ ಹಿರಿಯರು ಕಟ್ಟುನಿಟ್ಟಿನವರು. ಆದರೂ ಅಕ್ಕ ಒಂದು ದಿನವೂ ತಪ್ಪಿಸದೆ ಬರುವವಳೆಂದು, ಕೊನೆಯಲ್ಲಿ ಸ್ವಲ್ಪ ಹೊತ್ತು ಅವನ ಸಂಗೀತ ಕೇಳಿಸಲು ಒಪ್ಪಿಕೊಂಡರು. "ಗೋಡೆ ಉಳಿದ್ರೆ ಸಾಕಮ್ಮ" ಎಂದಷ್ಟೇ ಅಂದರು.

ಅದನ್ನು ಮಾತಾಡಲು ಡಬ್ಬನೂ ಮಿಂಚೂ ಅಂಗಡಿಯ ಹಿಂದಿನ ಕೋಣೆಗೆ ಬಂದರು. ಮಿಂಚು ತಂಡದ ಇನ್ನೊಬ್ಬ ಗಿಟಾರಿನವನು. ತೆಳ್ಳಗೆ, ಉದ್ದಕ್ಕೆ, ಕುಳಿತಲ್ಲಿ ಕೂರಲಾರದ ಮನುಷ್ಯ. ಪೋಸ್ಟರುಗಳಲ್ಲೆಲ್ಲ ಮುಂದೆ ಕಾಣುವ ಮುಖ ಅವನದೇ. ಅಕ್ಕನ ಮಗಳು ಚಹಾ ತಂದಿಟ್ಟು ಅಮ್ಮನ ಪಕ್ಕದಲ್ಲಿ ಕುಳಿತಳು.

"ನೀವೇ ಹೇಳಿ ಅಕ್ಕ. ಯಾವುದನ್ನ ಬಾರಿಸೋಣ? ನಿಮ್ಮಿಷ್ಟ," ಎಂದ ಡಬ್ಬ.

"ಅದನ್ನೂ ಕೇಳ್ಬೇಕೇನೋ? ಹಾಡಿನ ನಡುವೆ ಹಕ್ಕಿ ಹಾಗೆ ಅಳುತ್ತಲ್ಲ, ಅದು. ನನ್ನ ತಮ್ಮ ಅಂದ್ರೆ ನನಗೆ ಅದೇ. ಮಿಂಚು, ನೀನು ಅವನ ಜೊತೆಗೇ ಇದ್ದವನು, ನಿನಗೆ ಬರುತ್ತೆ ತಾನೆ? ಅವನಷ್ಟು ಚೆನ್ನಾಗಿ ಬರದಿದ್ರೂ ಪರವಾಗಿಲ್ಲ."

ಡಬ್ಬ ಬಾಯಿ ತೆರೆದ. ಮಿಂಚು ಮೇಜಿನ ಕೆಳಗೆ ಅವನ ಕಾಲು ತುಳಿದ. "ಬರುತ್ತೆ ಅಕ್ಕ" ಎಂದು ಹೇಳಿ, ಬಿಸಿ ಚಹಾವನ್ನು ಗಟಗಟ ಕುಡಿದು, ನಾಲಿಗೆ ಸುಟ್ಟುಕೊಂಡು ಎದ್ದು ಹೋದ.

ಮಾರನೆಯ ಬೆಳಗ್ಗೆ ಅವನೊಬ್ಬನೇ ಬಂದ. ಕಣ್ಣು ಕೆಂಪಗಾಗಿತ್ತು. ಅಕ್ಕ ಹಾಸಿಗೆ ಬಟ್ಟೆಯೊಂದನ್ನು ಮಡಿಸುತ್ತಿದ್ದಳು. ಇನ್ನೊಂದು ತುದಿ ಹಿಡಿದುಕೋ ಎಂದು ಕೊಟ್ಟಳು. ಅವನು ಹಿಡಿದುಕೊಂಡು ಹಾಗೇ ನಿಂತ.

"ಅಕ್ಕ, ಭಾನುವಾರ ನಾನು ಅದನ್ನ ಬಾರಿಸೋಕಾಗಲ್ಲ."

"ಯಾಕೋ, ಕಷ್ಟಾನಾ?"

"ಅದು ನಂದು ಅಕ್ಕ."

"ಏನು ನಿಂದು?"

"ಆ ಅಳೋದು. ಮೊದಲಿಂದಲೂ ನಂದೇ. ಎಲ್ಲ ಹಾಡಲ್ಲೂ ಹಾಗೆ ಮೇಲೆ ಹೋಗೋದು, ಕೂಗೋದು, ಅದೆಲ್ಲ ಲೀಡ್ ಗಿಟಾರ್. ಅದು ನಾನು. ಗೂಟ ರಿದಂ. ಅವನು ಕೆಳಗೆ ನಿಂತು ಹಾಡು ಹೊರೋದು. ಗೆಳೆಯನ ಪ್ರಾರ್ಥನೇಲಿ ನಂದನ್ನೇ ಬಾರಿಸಿ, ಅವನದು ಅಂತ ಹೇಳಿಸ್ಕೊಂಡು ನಾನು ಹೇಗೆ ಮನೆಗೆ ಹೋಗ್ಲಿ?"

ಬಟ್ಟೆಯ ತುದಿ ಅಕ್ಕನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಒಗೆದ ಬಟ್ಟೆ ನೆಲಕ್ಕೆ ತಾಗುವುದೆಂದರೆ ಆ ಅಂಗಡಿಯಲ್ಲಿ ಆಗದ ಮಾತು. ಆದರೆ ಅವಳದನ್ನು ನೋಡಲೂ ಇಲ್ಲ.

"ಹಾಗಾದ್ರೆ ಇಷ್ಟು ವರ್ಷ ನಾನು ಹೊಗಳಿದ್ದು ನಿನ್ನನ್ನೇನೋ?"

"ಹೂಂ ಅಕ್ಕ."

"ಬಂದವರಿಗೆಲ್ಲ ಹೇಳಿದೀನಲ್ಲೋ! ಅಂಚೆಯವನಿಗೆ, ಹಾಲಿನವಳಿಗೆ, ಪ್ರಾರ್ಥನಾ ಮಂದಿರದ ಹಿರಿಯರಿಗೆ! ಅವನಿಗೆ ಬಾಯಿ ಇರಲಿಲ್ವಾ? ಮೊದಲನೇ ಸಲ ರೇಡಿಯೋಲಿ ಬಂದಾಗ ಕೇಳಿದ್ದೆ, ಇದು ನೀನೇನೋ ಅಂತ. ಊಟ ಮಾಡ್ತಾ ಕೂತಿದ್ದ. ನಕ್ಕ. ತಲೆಯಾಡಿಸಿದ."

"ನಾನೇ ಹೇಳ್ತೀನಿ ಅಂತ ಒಂದ್ಸಲ ಹೊರಟಿದ್ದೆ. ಅವನು ಬಿಡಲಿಲ್ಲ. 'ಅಕ್ಕ ಇಡೀ ದಿನ ನಿಂತೇ ಇರ್ತಾಳೆ ಕಣೋ, ಆ ಒಂದು ಜಾಗದಲ್ಲಿ ಅವಳ ಮುಖ ಅರಳುತ್ತೆ. ಯಾರ ಕೈ ಆದ್ರೇನು, ನಿನ್ನ ಗಂಟೇನು ಹೋಗುತ್ತೆ' ಅಂದ."

ಅಕ್ಕ ಬಟ್ಟೆಯ ಗಂಟಿನ ಮೇಲೆ ಕುಳಿತಳು. ಅವಳಿಗೆ ಮಿಂಚುವಿನ ಮೇಲೆ ಸಿಟ್ಟು ಬರಲಿಲ್ಲ, ತಮ್ಮನ ಮೇಲೂ ಬರಲಿಲ್ಲ. ಬಂದದ್ದು ಬೇರೆಯೇ ಒಂದು ಭಯ. ಮನುಷ್ಯ ಹೋದಮೇಲೆ ಉಳಿಯುವುದು ಅವನ ದನಿ. ತಮ್ಮ ಮಾತು ಕಡಿಮೆಯವನು. ಅವನ ದನಿಯೆಂದರೆ ಆ ಗಿಟಾರೇ ಎಂದು ನಂಬಿದ್ದಳು. ಈಗ ನೋಡಿದರೆ ಆ ದನಿಯನ್ನು ಅವಳು ಕೇಳಿಯೇ ಇರಲಿಲ್ಲ. ಯಾರಿಗಾಗಿ ಪ್ರಾರ್ಥಿಸಬೇಕೋ ಅವನನ್ನೇ ಗುರುತು ಹಿಡಿಯದವಳು ದೇವರ ಮುಂದೆ ಯಾರ ಹೆಸರು ಹೇಳಲಿ?

"ಹಾಗಾದ್ರೆ ನನ್ನ ತಮ್ಮ ಏನು ಬಾರಿಸ್ತಿದ್ದ?" ಎಂದು ಕೇಳಿದಳು. "ಅದನ್ನ ಹೇಳು ಮೊದಲು."

ಮಿಂಚು ತಲೆ ಕೆರೆದುಕೊಂಡ. "ಅದು... ಹಾಗೆ ಬೇರೆಯಾಗಿ ಕೇಳಿಸೋದಲ್ಲ ಅಕ್ಕ."

"ಕೇಳಿಸದೇ ಇರೋದನ್ನ ಬಾರಿಸೋಕೆ ಜನ ಟಿಕೆಟ್ ತಗೊಂಡು ಬರ್ತಿದ್ರೇನೋ?"

"ಬರ್ತಿದ್ರು. ಅದೇ ಸೋಜಿಗ. ಮೊನ್ನೆ ಬಂದ್ರಲ್ಲ ಅಷ್ಟೊಂದು ಜನ, ಅವರೆಲ್ಲ ಅದನ್ನೇ ಕಲಿತವರು. ನಂದನ್ನಲ್ಲ."

"ನನಗೆ ಅದು ಕೇಳ್ಬೇಕು. ಭಾನುವಾರದೊಳಗೆ. ಅದು ಕೇಳದೆ ನಾನು ಆ ಮಂದಿರದಲ್ಲಿ ಕಣ್ಣು ಮುಚ್ಚೋದು ಹೇಗೋ?"

ತಂಡದವರು ಅಭ್ಯಾಸ ಮಾಡುವ ಕೋಣೆ ಒಂದು ಟೈರ್ ಅಂಗಡಿಯ ಹಿಂದುಗಡೆ ಇತ್ತು. ಒಳಗೆ ಕಾಲಿಟ್ಟರೆ ರಬ್ಬರಿನ ವಾಸನೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟುಗಳನ್ನು ಅಂಟಿಸಿದ್ದರು. ನೆಲದ ತುಂಬ ವೈರುಗಳು ಹಾವಿನ ಮರಿಗಳಂತೆ ಬಿದ್ದಿದ್ದವು. ಅಕ್ಕ ಮಗಳ ಕೈ ಹಿಡಿದುಕೊಂಡು ಒಂದೊಂದನ್ನೇ ದಾಟಿ ಒಳಗೆ ಬಂದಳು. ಡ್ರಮ್ಸಿನ ಎಡಕ್ಕೆ ಒಂದು ಕಡೆ ಜಮಖಾನೆ ಎರಡು ಪಾದದಷ್ಟು ಸವೆದು ನೂಲು ಕಾಣುತ್ತಿತ್ತು. ಅದು ಯಾರ ಜಾಗವೆಂದು ಅವಳು ಕೇಳಲಿಲ್ಲ. ಯಾರೂ ಅದರ ಮೇಲೆ ಕಾಲಿಡಲಿಲ್ಲ.

"ಮೊದಲು ಅವನಿಲ್ಲದೆ ಹೇಗಿರುತ್ತೆ ಅಂತ ಕೇಳಿಸ್ತೀವಿ," ಎಂದ ಡಬ್ಬ. "ಆಗ ಗೊತ್ತಾಗುತ್ತೆ."

ಇಬ್ಬರೂ ಆ ಹಾಡನ್ನೇ ಶುರು ಮಾಡಿದರು. ಮೊದಮೊದಲು ಸರಿಯೇ ಇತ್ತು. ಆಮೇಲೆ ಮಿಂಚು ಓಡಿದ. ಡಬ್ಬ ಹಿಡಿಯಲು ಹೋದ. ಡಬ್ಬ ನಿಧಾನ ಮಾಡಿದ. ಮಿಂಚು ಆಗಲೇ ಬೀದಿ ತುದಿಗೆ ಹೋಗಿದ್ದ. ಇಬ್ಬರೂ ಬಾರಿಸುತ್ತ ಬಾರಿಸುತ್ತ ಆ ಸವೆದ ಜಮಖಾನೆಯ ಕಡೆಗೇ ಕತ್ತು ತಿರುಗಿಸಿ ನೋಡುತ್ತಿದ್ದರು. ಅಲ್ಲಿ ಯಾರಿದ್ದಾರೆ ನೋಡಲು?

"ನಿನ್ನ ಕೈಗೆ ಬೆಂಕಿ ಬಿದ್ದಿದೆಯೇನೋ? ಎಲ್ಲಿಗೆ ಓಡ್ತೀಯ?"

"ನೀನು ಸತ್ತವನ ಹಾಗೆ ಬಡಿದ್ರೆ ನಾನೇನು ನಿದ್ದೆ ಮಾಡ್ಲಾ?"

"ಸತ್ತವನು ಬಡೀತಿದ್ದಾಗ ನೀನು ಸರಿಯಾಗೇ ಇದ್ದೆ!"

ಆ ಮಾತು ಬಾಯಿಂದ ಬಂದದ್ದೇ ತಡ, ಡಬ್ಬ ಕೋಲುಗಳನ್ನು ಕೆಳಗಿಟ್ಟು ಮುಖ ಮುಚ್ಚಿಕೊಂಡ. ಮಿಂಚು ಇಂಗು ತಿಂದ ಮಂಗನಂತೆ ನಿಂತ. ಇಬ್ಬರು ದೊಡ್ಡ ಗಂಡಸರು, ದೊಡ್ಡ ಹೆಸರಿನವರು, ಹಿರಿಯನಿಲ್ಲದ ಮನೆಯ ಮಕ್ಕಳಂತೆ ಜಗಳವಾಡುತ್ತಿರುವುದನ್ನು ನೋಡಿ ಅಕ್ಕನಿಗೆ ಮರುಕ ಬಂತು. ಆದರೆ ತಮ್ಮನ ದನಿ ಅದರಲ್ಲೂ ಸಿಗಲಿಲ್ಲ. ಅವನಿಲ್ಲದ್ದು ಗೊತ್ತಾಯಿತು, ಇದ್ದದ್ದು ಗೊತ್ತಾಗಲಿಲ್ಲ.

ಆಮೇಲೆ ದೊಡ್ಡ ಸ್ಪೀಕರಿನಲ್ಲಿ ರೆಕಾರ್ಡ್ ಹಾಕಿದರು. ಅವಳು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೇಳಿದಳು. ಹಕ್ಕಿಯ ಅಳು ಬಂತು, ಮತ್ತೇನೂ ಬರಲಿಲ್ಲ.

"ಓಡೋದನ್ನ ಕೇಳ್ಬೇಡಿ ಅಕ್ಕ. ನಿಂತಿರೋದನ್ನ ಕೇಳಿ," ಎಂದ ಡಬ್ಬ.

"ನಿಂತಿರೋದಕ್ಕೆ ಸದ್ದೆಲ್ಲಿಂದ ಬರುತ್ತೋ?"

ಇನ್ನೊಮ್ಮೆ ಹಾಕಿದರು. ಮತ್ತೊಮ್ಮೆ ಹಾಕಿದರು. ಮಗಳಿಗೆ ಯಾವಾಗಲೋ ಸಿಕ್ಕಿತು, "ಅಲ್ಲಿ ಅಮ್ಮ, ಅಲ್ಲಿ, ಈಗ!" ಎಂದು ತೋರಿಸಿದಳು. ಸದ್ದನ್ನು ಬೆರಳಿಂದ ತೋರಿಸಲು ಬರುತ್ತದೆಯೇ? ಅಕ್ಕನ ಕಣ್ಣು ತುಂಬಿತು. "ಸಾಕು ಬಿಡ್ರಪ್ಪ. ಸಾಕಿದವಳ ಕಿವಿಯೇ ಹೀಗಾದ್ರೆ..." ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. ಎದ್ದವಳು ಬಾಗಿಲವರೆಗೆ ಹೋಗಿ ತಿರುಗಿದಳು. "ಮಿಂಚು, ಅವನು ಕೈ ಹೇಗೆ ಇಟ್ಕೋತಿದ್ದ? ಅದನ್ನಾದ್ರೂ ತೋರಿಸು. ಕೆಲಸ ಅಂದ್ರೆ ನನಗೆ ಕೈ ನೋಡಿದ್ರೇ ತಿಳಿಯೋದು."

ಮಿಂಚು ಮೂಲೆಯಲ್ಲಿದ್ದ ಗೂಟನ ಗಿಟಾರನ್ನು ತೆಗೆದ. ಅದರ ಮೈಮೇಲೆ, ಬಲಗೈ ಒರಗುವ ಜಾಗದಲ್ಲಿ ಬಣ್ಣ ಹೋಗಿ ಮರ ಕಾಣುತ್ತಿತ್ತು. ವೈರು ಸಿಕ್ಕಿಸದೆ ಹಾಗೆಯೇ ಹಿಡಿದು, ಅಂಗೈಯ ಅಂಚನ್ನು ತಂತಿಗಳ ಬುಡದ ಮೇಲೆ ಇಟ್ಟ.

"ಇದು ಅವನ ಗುಟ್ಟು ಅಕ್ಕ. ತಂತಿ ಮೀಟೋದು ಯಾರಿಗಾದ್ರೂ ಬರುತ್ತೆ. ಮೀಟಿದ್ದನ್ನ ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಇದೆಯಲ್ಲ, ಅದು ಅವನಿಗೆ ಮಾತ್ರ ಗೊತ್ತಿತ್ತು. ಮೀಟ್ತಾನೆ, ಅಂಗೈಯಿಂದ ಅದುಮ್ತಾನೆ. ಬಿಡ್ತಾನೆ, ಮತ್ತೆ ಅದುಮ್ತಾನೆ. ನೋಡಿ."

ರೆಕಾರ್ಡನ್ನು ಮೆಲ್ಲಗೆ ಹಾಕಿ, ಮಿಂಚು ಅದರ ಜೊತೆಗೆ ಕೈಯಾಡಿಸತೊಡಗಿದ. ಅಕ್ಕ ಹತ್ತಿರ ಬಂದು ಆ ಕೈಯ ಮೇಲೆಯೇ ಕಣ್ಣಿಟ್ಟಳು. ಕೈ ಇಳಿಯುವುದು, ಅದುಮುವುದು, ಬಿಡುವುದು. ಒಂದಷ್ಟು ಹೊತ್ತು ಅದು ಬರಿಯ ಕೈಯೇ ಆಗಿತ್ತು. ಆಮೇಲೆ, ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ, ಆ ಕೈ ಇಳಿದಾಗ ಸ್ಪೀಕರಿನೊಳಗೂ ಏನೋ ಇಳಿಯಿತು. ಅದುಮಿದಾಗ ಅಲ್ಲಿಯೂ ನಿಂತಿತು. ಒಣಗಿದ, ಗಟ್ಟಿಯಾದ, ಆತುರವಿಲ್ಲದ ಒಂದು ಸದ್ದು. ಅದು ಹಾಡಿನ ಅಡಿಯಲ್ಲಿ ಮೊದಲಿಂದಲೂ ಇತ್ತು. ಅದರ ಮೇಲೆಯೇ ಹಾಡುವವನು ಕುಣಿಯುತ್ತಿದ್ದ, ಅದರ ಮೇಲೆಯೇ ಡಬ್ಬ ಬಡಿಯುತ್ತಿದ್ದ.

ಹಕ್ಕಿ ಅಳುವ ಜಾಗ ಬಂತು. ಅಲ್ಲಿ ಗೂಟ ತನ್ನ ಸದ್ದನ್ನು ಇನ್ನೂ ಕಡಿಮೆ ಮಾಡಿದ್ದ. ಒಂದು ಮೀಟು, ಬಹಳ ಹೊತ್ತು ಏನೂ ಇಲ್ಲ, ಇನ್ನೊಂದು ಮೀಟು. ನಡೆಯಲು ಕಲಿಯುವ ಮಗುವಿನ ಹಿಂದೆ ಕೈ ಚಾಚಿಕೊಂಡು ಬರುವವರ ಹಾಗೆ, ಮುಟ್ಟದೆ, ಬಿಡದೆ.

"ಅಯ್ಯೋ ಕಂದ," ಎಂದಳು ಅಕ್ಕ. "ಇಲ್ಲೇ ಇದ್ದೆಯಲ್ಲೋ."

ಹಾಡು ಮುಗಿಯುವವರೆಗೆ ಅವಳು ಅಲುಗಲಿಲ್ಲ. ಮತ್ತೆ ಹಾಕಿಸಿದಳು. ಈ ಸಲ ಅವಳ ಹುಬ್ಬು ಗಂಟಿಕ್ಕಿತು. "ಮಿಂಚು, ನೀನು ಬಿಡೋದು ತಡ. ಅವನು ಮೊದಲೇ ಬಿಡ್ತಾನೆ."

ಡಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. ಸುದ್ದಿ ತಂದ ದಿನದಿಂದ ಅವನು ನಕ್ಕದ್ದು ಅದೇ ಮೊದಲು. "ಇದನ್ನೇ ಗೂಟ ಇವನಿಗೆ ಹೇಳಿ ಹೇಳಿ ಸಾಕಾಗಿ ಹೋಗಿದ್ದ ಅಕ್ಕ!"

"ಭಾನುವಾರ ನಿನ್ನ ಅಳು ಬೇಡ ಮಿಂಚು," ಎಂದಳು ಅಕ್ಕ. "ಬೇಜಾರು ಮಾಡ್ಕೋಬೇಡ. ಅದು ಚೆನ್ನಾಗಿಲ್ಲ ಅಂತಲ್ಲ, ಅದಕ್ಕೆ ನಾನೊಂದು ಅಂಗಿ ಸುಟ್ಟಿದೀನಿ. ಆದ್ರೆ ಅವನನ್ನ ಕಳಿಸೋದು ಅವನ ಸದ್ದಲ್ಲೇ ಆಗ್ಬೇಕು. ಇದನ್ನ ಬಾರಿಸು."

"ಬರೀ ಇದನ್ನಾ? ಒಂದೇ? ಅಕ್ಕ, ನನಗೆ ಬರಲ್ಲ. ನಿಜವಾಗ್ಲೂ ಬರಲ್ಲ. ನಾನು ನಿಲ್ಲೋನಲ್ಲ, ಓಡೋನು. ಮೊನ್ನೆ ಬಂದವರಲ್ಲಿ ಯಾರನ್ನಾದ್ರೂ ಕರೆದ್ರೆ ನನಗಿಂತ ಚೆನ್ನಾಗಿ ಬಾರಿಸ್ತಾರೆ."

"ಅವರು ಅವನ ಪಕ್ಕದಲ್ಲಿ ನಿಂತವರಲ್ಲ. ಬರೋವರೆಗೂ ಕೂತ್ಕೋ. ನಾನೂ ಕೂತಿರ್ತೀನಿ."

ಆ ವಾರವೆಲ್ಲ ಮಿಂಚು ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಗೆದ ಬಟ್ಟೆಗಳ ನಡುವೆ ಸ್ಟೂಲಿನ ಮೇಲೆ ಕುಳಿತು ಅಭ್ಯಾಸ ಮಾಡಿದ. ಅಕ್ಕ ಮುಂದುಗಡೆ ಇಸ್ತ್ರಿ ಮಾಡುತ್ತಲೇ "ಓಡ್ಬೇಡ" ಎನ್ನುವಳು. ಒಂದಿಷ್ಟು ಹೊತ್ತಾದ ಮೇಲೆ "ಮತ್ತೆ ಓಡಿದೆ" ಎನ್ನುವಳು. ಕಟಿಂಗ್ ಶಾಪಿನವನು ಇಣುಕಿ ನೋಡಿ, "ಇಷ್ಟು ದೊಡ್ಡ ಮನುಷ್ಯನಿಗೆ ಪಾಠ ಹೇಳ್ತಿದೀರಲ್ಲ ಅಕ್ಕ" ಎಂದರೆ, "ಪಾಠ ನನ್ನ ತಮ್ಮನದ್ದಪ್ಪ. ನಾನು ಬರೀ ಕಾವಲು" ಎಂದಳು.

ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಕೂರಲು ಜಾಗ ಸಾಲದೆ ಗೋಡೆಯುದ್ದಕ್ಕೂ ಜನ ನಿಂತರು. ಪ್ರಾರ್ಥನೆಯ ಪಾಠಗಳು ಮುಗಿದ ಮೇಲೆ ಹಿರಿಯರು ಮಿಂಚುವಿನತ್ತ ನೋಡಿ, ಆಮೇಲೆ ಗೋಡೆಯತ್ತ ನೋಡಿ, ತಲೆಯಾಡಿಸಿದರು. ಮಿಂಚು ಅಕ್ಕ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ ತೊಟ್ಟು, ಗೂಟನ ಗಿಟಾರು ಹಿಡಿದು, ತಲೆ ತಗ್ಗಿಸಿ ನಿಂತಿದ್ದ. ಅಂಗೈಯನ್ನು ತಂತಿಗಳ ಮೇಲಿಟ್ಟು ಶುರುಮಾಡಿದ.

ಹಾಡಿಲ್ಲ, ಡ್ರಮ್ಸ್ ಇಲ್ಲ. ಆ ಒಣ ಸದ್ದೊಂದೇ ನಿಧಾನವಾಗಿ ಇಳಿಯುತ್ತ, ನಿಲ್ಲುತ್ತ, ಇಳಿಯುತ್ತ ಹೋಯಿತು. ಹಿರಿಯರ ಮುಖದಲ್ಲಿ ಮೊದಲು ಸೋಜಿಗ ಕಂಡಿತು, ಆಮೇಲೆ ಅದೂ ಹೋಗಿ ಅವರು ಕಣ್ಣು ಮುಚ್ಚಿದರು. ಅಕ್ಕ ಮೆಲ್ಲಗೆ ಹಿಂತಿರುಗಿ ನೋಡಿದಳು. ಬಸ್ಸು ಹತ್ತಿ ಬಂದ ಆ ಉದ್ದ ಕೂದಲಿನವರು, ಹಚ್ಚೆಯವರು, ಒಬ್ಬೊಬ್ಬರ ಬಲಗೈಯೂ ಅವರವರ ತೊಡೆಯ ಮೇಲೆ ಸದ್ದಿಲ್ಲದೆ ಆಡುತ್ತಿತ್ತು. ತಮ್ಮ ಎಲ್ಲಿ ಅದುಮುತ್ತಿದ್ದನೋ ಅಲ್ಲಿ ಅಷ್ಟೂ ಕೈಗಳು ಒಟ್ಟಿಗೇ ನಿಲ್ಲುತ್ತಿದ್ದವು. ಗೋಡೆಗೆ ಒರಗಿದ್ದ ಡಬ್ಬನ ಬೆರಳುಗಳೂ ನಿಲ್ಲುತ್ತಿದ್ದವು.

ಒಂದು ಕಡೆ ಮಿಂಚು ಬಿಡುವುದು ತುಸು ತಡವಾಯಿತು. ಅಕ್ಕ ಸುಮ್ಮನಿದ್ದಳು. ಅಳುತ್ತಿರುವವನ ಕೈ ಅಷ್ಟಾದರೂ ತಪ್ಪದಿದ್ದರೆ ಹೇಗೆ?

ಹಕ್ಕಿ ಅಳಬೇಕಾದ ಜಾಗ ಬಂತು. ಅಲ್ಲಿ ಹಕ್ಕಿ ಅಳಲಿಲ್ಲ. ಒಂದು ಮೀಟು; ಮಂದಿರದ ತುಂಬ ಮೌನ; ಇನ್ನೊಂದು ಮೀಟು. ಕೊನೆಯದನ್ನು ಮಿಂಚು ಅಂಗೈಯಿಂದ ಅದುಮಿ ನಿಲ್ಲಿಸಿದ. ಅದು ನಿಂತ ಮೇಲೆ ಹಿರಿಯರು ಅಕ್ಕನ ಕಡೆ ತಿರುಗಿ, "ನೀವೇ ಪ್ರಾರ್ಥನೆ ಮಾಡಿಯಮ್ಮ" ಎಂದರು. ಅವಳು ಎದ್ದು ನಿಂತು, ಕೈಜೋಡಿಸಿ, ಕಣ್ಣು ಮುಚ್ಚಿದಳು.

"ದೇವರೇ, ಈಗ ಬಂದ ಸದ್ದು ನನ್ನ ತಮ್ಮನದು. ಅವನನ್ನ ಸಾಕಿದವಳಿಗೇ ಅದು ಗೊತ್ತಿರಲಿಲ್ಲ. ನಿನಗೆ ಮೊದಲಿಂದಲೂ ಗೊತ್ತಿರುತ್ತೆ. ಅವನು ಜೀವಮಾನವೆಲ್ಲ ಬೇರೆಯವರ ಹಾಡನ್ನ ಹೊತ್ಕೊಂಡು ನಿಂತಿದ್ದ, ಯಾರಿಗೂ ಭಾರ ಅಂತ ಹೇಳಲಿಲ್ಲ. ಕಾಲು ಸೋತಿರುತ್ತೆ. ನಿನ್ನ ಹತ್ತಿರ ಅವನನ್ನ ಕೂರಿಸ್ಕೋ. ಅವನು ಮಾತಾಡಲ್ಲ ಅಂತ ಬೇಸರ ಮಾಡ್ಕೋಬೇಡ. ಅವನ ಕೈಗೆ ವಿಶ್ರಾಂತಿ ಕೊಡು, ಅವನ ಜೀವಕ್ಕೆ ಶಾಂತಿ ಕೊಡು. ಹಾಗೇ ಆಗಲಿ, ದೇವರೇ, ಹಾಗೇ ಆಗಲಿ."